ಜಯಮ್ಮನ ಎಡ ಮಂಡಿ

ಸುಮನಹಳ್ಳಿ ಸಿಗ್ನಲ್ಲಿನಲ್ಲಿ ನನ್ನ ಆಟೊ ಪಕ್ಕಕ್ಕೆ ಒಂದು ಟೆಂಪೊ ಬಂದು ನಿಂತಿತು. ಹಿಂದೆ ಹಗ್ಗ ಬಿಗಿದು ನಿಲ್ಲಿಸಿದ ಅಲ್ಯೂಮಿನಿಯಂ ಕ್ಯಾನುಗಳು. ಹಾಲಿನ ಕ್ಯಾನಿಗಿಂತ ಹೊಟ್ಟೆ ದೊಡ್ಡದು, ಕುತ್ತಿಗೆ ಸಣ್ಣದು. ಒಂದರ ಮುಚ್ಚಳದ ಸಂದಿಯಿಂದ ಬಿಳಿ ಹೊಗೆ ಹೊರಬಂದು ಮೇಲಕ್ಕೆ ಹೋಗುವ ಬದಲು ಕೆಳಕ್ಕೆ ಇಳಿಯುತ್ತಿತ್ತು. ಆಟೊದವರು ಕತ್ತು ಚಾಚಿ ನೋಡಿದರು.

"ಏನ್ ಮೇಡಂ ಅದು? ಬ್ಲಾಸ್ಟ್ ಗೀಸ್ಟ್ ಆಗುತ್ತಾ?"

"ಇಲ್ಲ ಅಣ್ಣ, ನೈಟ್ರೋಜನ್. ಹಸು ಡಾಕ್ಟ್ರುಗಳಿಗೆ ಹೋಗೋದು."

"ನಿಮಗೆ ಹೆಂಗ್ ಗೊತ್ತು?"

ಸಿಗ್ನಲ್ ಬಿಟ್ಟಿತು. ಉತ್ತರ ಹೇಳುವ ಕಷ್ಟ ತಪ್ಪಿತು.

ಒಂದಿಡೀ ಮಳೆಗಾಲ ಪ್ರತಿ ಗುರುವಾರ ಅಂಥದೇ ಒಂದು ಕ್ಯಾನನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಇದೇ ಮಾಗಡಿ ರಸ್ತೆಯಲ್ಲಿ ಓಡಾಡಿದವಳು ನಾನು. ಈಗ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ತಿಂಗಳಾದರೆ ಸಂಬಳ ಬರುತ್ತದೆ. ಸಂಬಳ ಬರುವುದು ಎಷ್ಟು ದೊಡ್ಡ ಸುಖ ಎಂಬುದು ಸಂಬಳ ಕೊಡಲು ಒದ್ದಾಡಿದವರಿಗೆ ಮಾತ್ರ ಗೊತ್ತು. ಅದನ್ನೆಲ್ಲ ಮರೆತು ಹಾಯಾಗಿದ್ದೇನೆ ಎಂದುಕೊಂಡಿದ್ದೆ. ಆ ಹೊಗೆ ಕಂಡದ್ದೇ ತಡ, ಸೊಂಟ ಹಿಡಿದುಕೊಂಡ ಹಾಗಾಯಿತು.

ನಾನು ಹೊರಟಿದ್ದೂ ಜಯಮ್ಮನ ಮನೆಗೇ. ಬೆಳಿಗ್ಗೆ ಅವರೇ ಫೋನ್ ಮಾಡಿದ್ದರು. "ನಾಳೆ ಬಲ ಮಂಡಿ ಆಪರೇಷನ್ನು ಕಣೇ ಶೈಲಾ. ಸಾಯಂಕಾಲ ಅಡ್ಮಿಟ್ ಆಗ್ಬೇಕು. ಅಷ್ಟರೊಳಗೆ ಒಂದ್ಸಲ ಬಂದು ಹೋಗು" ಎಂದಿದ್ದರು. ಬಲ ಮಂಡಿ ಎಂದು ಅವರು ಒತ್ತಿ ಹೇಳಿದ ಹಾಗೆ ನನಗೆ ಕೇಳಿಸಿತು. ನನ್ನ ಭ್ರಮೆಯೂ ಇರಬಹುದು.

ಕೆಲವು ವರ್ಷಗಳ ಹಿಂದೆ ನಾನೂ ನನ್ನ ಜೊತೆ ಎಂ.ಎಸ್ಸಿ. ಓದಿದ ಅರವಿಂದನೂ ಸೇರಿ ಒಂದು ಕಂಪನಿ ಮಾಡಿದ್ದೆವು. ಕಂಪನಿ ಎಂದರೆ ಬಸವೇಶ್ವರನಗರದಿಂದ ಕಾಮಾಕ್ಷಿಪಾಳ್ಯದ ಕಡೆ ಇಳಿಯುವ ರಸ್ತೆಯಲ್ಲಿ ಜಯಮ್ಮನ ಮನೆಯ ಮೇಲಿನ ಮಹಡಿ, ಅಷ್ಟೇ. ಕೆಳಗೆ ಜಯಮ್ಮ ಮತ್ತು ಅವರ ಯಜಮಾನರು ಗೌಡ್ರು. ಆ ಭಾಗವೆಲ್ಲ ಹೊಲವಾಗಿದ್ದ ಕಾಲದಿಂದಲೂ ಅಲ್ಲೇ ಇದ್ದ ಮನೆತನ. ಹೊಲ ಹೋಗಿ ಬಾಡಿಗೆ ಕಟ್ಟಡ ಬಂದಿತ್ತು, ಗೌಡ್ರ ಹೆಗಲ ಮೇಲಿನ ಟವೆಲ್ ಮಾತ್ರ ಹೋಗಿರಲಿಲ್ಲ.

ನಮ್ಮ ಕೆಲಸ ಏನೆಂದು ಹೇಳುವುದು ಸುಲಭ. ಮಂಡಿಯೊಳಗೆ ಮೂಳೆಗೆ ಮೂಳೆ ಉಜ್ಜದ ಹಾಗೆ ಒಂದು ನುಣುಪಾದ ಮೆತ್ತೆ ಇರುತ್ತದೆ. ವಯಸ್ಸಾದಂತೆ ಅದು ಸವೆಯುತ್ತದೆ, ಸವೆದದ್ದು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಆ ಮೆತ್ತೆಯ ಜೀವಕೋಶಗಳನ್ನು ಹೊರಗೆ ಬೆಳೆಸಿ, ಸವೆದ ಜಾಗದಲ್ಲಿ ಕೂರಿಸಿ, ಮಂಡಿ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಹಾಗೆ ಮಾಡಬೇಕು. ಲೋಹದ ಮಂಡಿ ಹಾಕಿಸಿಕೊಳ್ಳುವ ಗೋಳು ತಪ್ಪಬೇಕು. ತೊಂದರೆ ಏನೆಂದರೆ, ಈ ಕೋಶಗಳು ಗಾಜಿನ ತಟ್ಟೆಯಲ್ಲಿ ಬೆಳೆಬೆಳೆಯುತ್ತ ತಮ್ಮ ಕಸುಬನ್ನೇ ಮರೆತುಬಿಡುತ್ತವೆ. ಕಸುಬು ಮರೆಯದ ಹಾಗೆ ಅವನ್ನು ಬೆಳೆಸುವ ಒಂದು ದಾರಿ ನಮಗೆ ಸಿಕ್ಕಿತ್ತು. ಸಿಕ್ಕಿದೆ ಎಂದು ನಾವು ನಂಬಿದ್ದೆವು. ಅದು ನಿಜವೋ ಸುಳ್ಳೋ ಎಂದು ತಿಳಿಯಬೇಕಾದರೆ ಮೊದಲು ಪ್ರಾಣಿಗಳ ಮಂಡಿಯಲ್ಲಿ, ಆಮೇಲೆ ಸರ್ಕಾರದ ಒಪ್ಪಿಗೆ ತೆಗೆದುಕೊಂಡು ಮನುಷ್ಯರ ಮಂಡಿಯಲ್ಲಿ ಪರೀಕ್ಷೆ ಮಾಡಬೇಕಿತ್ತು.

ನಾವು ಮಂಡಿಯ ಕೆಲಸ ಮಾಡುತ್ತೇವೆ ಎಂಬ ಸುದ್ದಿ ಬೀದಿಯಲ್ಲಿ ಹಬ್ಬಲು ಒಂದು ವಾರವೂ ಬೇಕಾಗಲಿಲ್ಲ. ಮಂಡಿ ನೋವಿಲ್ಲದ ಮನೆ ಯಾವುದಿದೆ? ತರಕಾರಿ ಗಾಡಿಯ ಹತ್ತಿರ ನಿಂತರೂ ಸಾಕು, ಯಾರಾದರೊಬ್ಬರು ಸೀರೆಯ ಮೇಲಿಂದಲೇ ಮಂಡಿ ಒತ್ತಿ ತೋರಿಸಿ, "ಇಲ್ಲೇ ಕಣಮ್ಮ, ಇಲ್ಲೇ ಕಟಕಟ ಅನ್ನುತ್ತೆ. ನಿಂದು ಯಾವಾಗ ರೆಡಿ ಆಗುತ್ತೆ?" ಎನ್ನುತ್ತಿದ್ದರು. ದುಡ್ಡು ಹಾಕುವವರನ್ನು ಬಿಟ್ಟು ಮಿಕ್ಕವರೆಲ್ಲರಿಗೂ ನಮ್ಮ ಮೇಲೆ ನಂಬಿಕೆಯಿತ್ತು.

ಜಯಮ್ಮನ ಎಡ ಮಂಡಿ ಆಗಲೇ ಪೂರ್ತಿ ಹಾಳಾಗಿತ್ತು. ಆಪರೇಷನ್ ಮಾಡಿ ಲೋಹದ್ದು ಹಾಕಬೇಕೆಂದು ಡಾಕ್ಟರು ಹೇಳಿದಾಗ ನಾನು ಹಿಂಜರಿಯುತ್ತಲೇ ಕೇಳಿದೆ. ತೆಗೆದು ಬಿಸಾಡುವ ಭಾಗದಲ್ಲಿ ಅಲ್ಲಲ್ಲಿ ಒಳ್ಳೆಯ ಮೆತ್ತೆ ಉಳಿದಿರುತ್ತದೆ. ನೀವು ಒಪ್ಪಿದರೆ ಅದನ್ನು ನಮ್ಮ ಸಂಶೋಧನೆಗೆ ತೆಗೆದುಕೊಳ್ಳುತ್ತೇವೆ, ಆದರೆ ಅದರಿಂದ ನಿಮಗೆ ಏನೂ ಸಿಗುವುದಿಲ್ಲ ಎಂದೆ.

"ಕಿತ್ತು ಬಿಸಾಕೋದು ತಾನೆ? ತಗೊಂಡ್ ಹೋಗಿ. ನನಗಂತೂ ಆಗ್ಲಿಲ್ಲ, ನಿಮಗಾದ್ರೂ ಉಪಯೋಗಕ್ಕೆ ಬರ್ಲಿ" ಎಂದು ಆಸ್ಪತ್ರೆಯವರು ಕೊಟ್ಟ ಹಾಳೆಗೆ ದುಂಡಗೆ ಸಹಿ ಹಾಕಿದರು.

ಅವರ ಕೋಶಗಳು ಬೆಳೆದ ಹಾಗೆ ಬೇರೆ ಯಾರದೂ ಬೆಳೆಯಲಿಲ್ಲ. ಅದು ಯಾಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬೇರೆಯವರ ಕೋಶಗಳು ಕಸುಬು ಮರೆತು ಸುಮ್ಮನೆ ಉದ್ದುದ್ದ ಚಾಚಿಕೊಂಡು ಬಿದ್ದಿರುತ್ತಿದ್ದವು, ಇವರದು ಮಾತ್ರ ದುಂಡಗೆ ಗಟ್ಟಿಯಾಗಿ ಕೆಲಸಕ್ಕೆ ನಿಂತಿರುತ್ತಿದ್ದವು. ಕೊನೆಗೆ ನಮ್ಮ ಇಡೀ ಕಂಪನಿ ನಿಂತದ್ದು ಜಯಮ್ಮನ ಎಡ ಮಂಡಿಯ ಮೇಲೆ. ಅವರಿಗೂ ಅದು ಗೊತ್ತಾಗಿತ್ತು. ನಾನು ಗೇಟು ತೆಗೆಯುವ ಸದ್ದು ಕೇಳಿದರೆ ಒಳಗಿಂದಲೇ ಕೂಗುತ್ತಿದ್ದರು.

"ಹೆಂಗಿದ್ಯೇ ನನ್ನ ಮಂಡಿ?"

"ಚೆನ್ನಾಗಿದೆ ಆಂಟಿ."

"ಊಟ ಹಾಕಿದ್ರಾ?"

"ಹಾಕಿದ್ವಿ ಆಂಟಿ."

ಆ ಕೋಶಗಳ ಊಟ ಹೊರದೇಶದಿಂದ ಐಸ್ ಡಬ್ಬಿಯಲ್ಲಿ ಬರುವ ಕೆಂಪು ದ್ರಾವಣ. ಒಂದು ಬಾಟಲಿಯ ಬೆಲೆ ಕೇಳಿದ ದಿನ ಜಯಮ್ಮ ಕೆನ್ನೆಗೆ ಕೈ ಹಚ್ಚಿ, "ಅಯ್ಯೋ ಶಿವನೇ! ಈ ಮನೇಲಿ ಇಷ್ಟು ದುಬಾರಿ ಊಟ ಯಾರೂ ಮಾಡಿಲ್ಲ ಕಣೇ" ಎಂದಿದ್ದರು.

ಮೊದಲ ಎರಡು ವರ್ಷ ಸರ್ಕಾರದ ಒಂದು ಅನುದಾನ ಮತ್ತು ಅರವಿಂದನ ಮಾವ ಹಾಕಿದ ದುಡ್ಡಿನಲ್ಲಿ ನಡೆಯಿತು. ನಾನು ಹೇಳುತ್ತಿರುವ ಮಳೆಗಾಲ ಬರುವ ಹೊತ್ತಿಗೆ ಎರಡೂ ಮುಗಿದಿತ್ತು. ಪ್ರಾಣಿ ಪರೀಕ್ಷೆಗೆ ದೊಡ್ಡ ಮೊತ್ತ ಬೇಕಿತ್ತು. ಅದಕ್ಕಾಗಿ ನಾವಿಬ್ಬರೂ ವಿಜಯನಗರದಲ್ಲಿ ಮೆಟ್ರೊ ಹತ್ತಿ ಊರಿನ ಆ ತುದಿಯ ಗಾಜಿನ ಕಟ್ಟಡಗಳಿಗೆ ಹೋಗುವುದು, ತಣ್ಣನೆಯ ಕೋಣೆಯಲ್ಲಿ ಕಾಯುವುದು, ನಮ್ಮ ಅರ್ಧ ವಯಸ್ಸಿನವರ ಮುಂದೆ ಪರದೆಯ ಮೇಲೆ ಚಿತ್ರ ತೋರಿಸುವುದು, ನೆನೆದುಕೊಂಡು ವಾಪಸ್ ಬರುವುದು. ಇದೇ ಆಯಿತು.

"ಮನುಷ್ಯರ ಮೇಲಿನ ಫಲಿತಾಂಶ ಇದ್ಯಾ? ಅದಾದ್ಮೇಲೆ ಬನ್ನಿ, ಖಂಡಿತಾ ಮಾತಾಡೋಣ" ಎನ್ನುತ್ತಿದ್ದರು ಎಲ್ಲರೂ. ಆ ಫಲಿತಾಂಶ ಬರಬೇಕಾದರೇ ದುಡ್ಡು ಬೇಕಿತ್ತಲ್ಲ! ಹಸಿದವನಿಗೆ ಊಟ ಮಾಡಿಕೊಂಡು ಬಾ, ಆಮೇಲೆ ಬಡಿಸುತ್ತೇನೆ ಎಂದ ಹಾಗೆ. ಒಬ್ಬರಂತೂ ಬಹಳ ಮರ್ಯಾದೆಯಿಂದ, "ಮೇಡಂ, ನಮ್ಮ ದುಡ್ಡು ಐದಾರು ವರ್ಷದಲ್ಲಿ ವಾಪಸ್ ಬರ್ಬೇಕು. ನಿಮ್ಮ ಕೋಶಗಳನ್ನ ಸ್ವಲ್ಪ ಬೇಗ ಬೆಳ್ಸೋಕೆ ಆಗಲ್ವಾ?" ಎಂದು ಕೇಳಿದರು. ನನಗೆ ನಗು ಬರಲಿಲ್ಲ. ನಗಲೂ ಶಕ್ತಿ ಬೇಕು.

ಮೊದಲು ನಮ್ಮಿಬ್ಬರ ಸಂಬಳ ನಿಂತಿತು. ಆಮೇಲೆ ಬಾಡಿಗೆ. ಲಗ್ಗೆರೆಯಿಂದ ಬರುತ್ತಿದ್ದ ಮಂಜುಳಾ ಎಂಬ ಟೆಕ್ನೀಷಿಯನ್ ಒಬ್ಬಳ ಸಂಬಳವನ್ನು ಮಾತ್ರ ನಿಲ್ಲಿಸಲಿಲ್ಲ, ಅವಳ ಮನೆ ನಡೆಯುತ್ತಿದ್ದುದೇ ಅದರಲ್ಲಿ. ಮಳೆ ಬಂದರೆ ಕರೆಂಟ್ ಹೋಗುತ್ತಿತ್ತು, ಕರೆಂಟ್ ಹೋದರೆ ಜನರೇಟರಿಗೆ ಡೀಸೆಲ್ ಬೇಕಿತ್ತು. ಆ ವರ್ಷ ಮೋಡ ಕವಿದರೆ ಸಾಕು, ಡೀಸೆಲ್ ಎಷ್ಟು ಉಳಿದಿದೆ ಎಂದು ಹೋಗಿ ನೋಡುತ್ತಿದ್ದೆ. ಬೀದಿಯವರೆಲ್ಲ ಮಳೆ ಬಂತೆಂದು ಬೋಂಡ ಕರಿಯುತ್ತಿದ್ದರೆ ನಾನು ಮೀಟರ್ ಬೋರ್ಡಿನ ಮುಂದೆ ನಿಂತಿರುತ್ತಿದ್ದೆ.

ದಿನವೂ ಕೋಶ ಬೆಳೆಸುವುದು ಇನ್ನು ಸಾಧ್ಯವಿಲ್ಲ ಎಂದಾದಾಗ ಜಯಮ್ಮನ ಕೋಶಗಳನ್ನೆಲ್ಲ ಸಣ್ಣ ಸಣ್ಣ ಸೀಸೆಗಳಿಗೆ ತುಂಬಿ ದ್ರವ ನೈಟ್ರೋಜನ್ನಿನ ಕ್ಯಾನಿನೊಳಗೆ ಇಳಿಸಿದೆವು. ಆ ಚಳಿಯಲ್ಲಿ ಅವು ವರ್ಷಗಟ್ಟಲೆ ನಿದ್ದೆ ಮಾಡುತ್ತವೆ. ಕರೆಂಟ್ ಬೇಡ, ಊಟ ಬೇಡ. ಬೇಕಾದದ್ದು ಒಂದೇ, ವಾರ ವಾರ ಆವಿಯಾಗಿ ಹೋದಷ್ಟು ನೈಟ್ರೋಜನ್ ತುಂಬುತ್ತಿರಬೇಕು. ಕ್ಯಾನ್ ಬರಿದಾದರೆ ಮುಗಿಯಿತು, ಎಲ್ಲ ಸಾಯುತ್ತವೆ. ಪೀಣ್ಯದಿಂದ ತುಂಬಿಸಿ ಕೊಡುತ್ತಿದ್ದವರು ಹಳೆಯ ಬಾಕಿ ತೀರಿಸದೆ ಬರುವುದಿಲ್ಲ ಎಂದುಬಿಟ್ಟರು. ಅವರದೇನೂ ತಪ್ಪಿಲ್ಲ, ಬಹಳ ದಿನ ಕಾದಿದ್ದರು. ಮರದ ಪಟ್ಟಿಯನ್ನು ಕ್ಯಾನಿನೊಳಗೆ ಇಳಿಸಿ ಎತ್ತಿದರೆ ದ್ರವ ಇದ್ದಷ್ಟು ಎತ್ತರಕ್ಕೆ ಅದರ ಮೇಲೆ ಬಿಳಿ ಹಿಮ ಕೂರುತ್ತದೆ. ಆ ಹಿಮ ಗೇಣಿನಿಂದ ನಾಲ್ಕು ಬೆರಳಿಗೆ ಇಳಿದ ದಿನ ಬಾಡಿಗೆ ಕೇಳಲು ಗೌಡ್ರು ಮೇಲೆ ಬಂದರು.

ಬಂದವರು ಬಾಡಿಗೆ ವಿಷಯ ಬಿಟ್ಟು ಕ್ಯಾನಿನ ಮುಂದೆ ನಿಂತುಬಿಟ್ಟರು. "ಅಲ್ಲ ಕಣಮ್ಮ, ಇದು ಹಸು ಡಾಕ್ಟ್ರು ಬೈಕಿಗೆ ಕಟ್ಕೊಂಡ್ ಬರ್ತಿದ್ದ ಕ್ಯಾನಲ್ವಾ?"

ಹೌದೆಂದೆ. ಒಳ್ಳೆಯ ಹೋರಿಯ ವೀರ್ಯವನ್ನು ಇದೇ ಚಳಿಯಲ್ಲಿ ಇಟ್ಟು ಹಳ್ಳಿ ಹಳ್ಳಿಗೆ ಒಯ್ಯುತ್ತಾರೆ. ನಮ್ಮದು ಸ್ವಲ್ಪ ದೊಡ್ಡದು, ಜಾತಿ ಅದೇ.

"ಇಷ್ಟ್ ದಿನ ಇಂಗ್ಲಿಷಲ್ಲಿ ಏನೇನೋ ಹೇಳಿ ಹೆದರಿಸ್ಬಿಟ್ಟಿದ್ದೆ ನನ್ನ! ನಮ್ಮ ಕೊಟ್ಟಿಗೇಲಿ ಎಷ್ಟು ಕರು ಹುಟ್ಟಿದ್ವು ಈ ಕ್ಯಾನಿಂದ" ಎಂದು ಗೌಡ್ರು ಹೊಟ್ಟೆ ಕುಣಿಸಿ ನಕ್ಕರು. ಏನು ತೊಂದರೆ ಎಂದು ಕೇಳಿ ತಿಳಿದುಕೊಂಡು ಅಲ್ಲೇ ನಿಂತು ಮಾಗಡಿ ರಸ್ತೆಯ ತಮ್ಮ ಷಡ್ಡಕನಿಗೆ ಫೋನ್ ಹಚ್ಚಿದರು. ಅವರ ಊರಿನ ಕಡೆ ಹಸು ಡಾಕ್ಟರುಗಳ ಕ್ಯಾನ್ ತುಂಬಲು ಗುರುವಾರ ಗುರುವಾರ ಖಾಸಗಿಯವರದೊಂದು ಗಾಡಿ ಬರುತ್ತದೆ, ತಾವರೆಕೆರೆಯ ಹತ್ತಿರ ಹೋಗಿ ನಿಂತರೆ ನಮಗೂ ತುಂಬುತ್ತಾರೆ, ಪೀಣ್ಯದ ಅರ್ಧ ರೇಟು, ಆದರೆ ಕೈ ಮೇಲೆ ದುಡ್ಡು ಕೊಡಬೇಕು ಎಂದು ಗೊತ್ತಾಯಿತು. ಬಾಡಿಗೆ ಕೇಳದೆಯೇ ಇಳಿದು ಹೋದರು.

ಹಾಗೆ ಶುರುವಾಯಿತು ನನ್ನ ಗುರುವಾರದ ಯಾತ್ರೆ. ಗೌಡ್ರ ಹಳೆಯ ಓಮ್ನಿಯಲ್ಲಿ ಅರವಿಂದ ಡ್ರೈವರ್, ಕ್ಯಾನ್ ಅಲ್ಲಾಡದ ಹಾಗೆ ಹಿಂದೆ ಹಿಡಿದು ಕೂರುವವಳು ನಾನು. ಕಿಟಕಿ ತೆಗೆದೇ ಇರಬೇಕು, ಆ ಹೊಗೆ ಗಾಡಿಯೊಳಗೆ ತುಂಬಿದರೆ ಉಸಿರು ಕಟ್ಟುತ್ತದೆ. ಮಳೆಯೆಲ್ಲ ಒಳಗೆ. ತಾವರೆಕೆರೆಯಲ್ಲಿ ಒಂದು ಹಾಲಿನ ಡೈರಿಯ ಮುಂದೆ ಸಾಲು. ನನ್ನ ಹಿಂದೆ ಮುಂದೆ ಪಶು ಆಸ್ಪತ್ರೆಗಳ ಸಹಾಯಕರು, ಬೈಕಿಗೆ ಕ್ಯಾನ್ ಕಟ್ಟಿಕೊಂಡು ಊರೂರು ತಿರುಗುವವರು. ನಾನೊಬ್ಬಳೇ ಹೆಂಗಸು. ಮೊದಲ ವಾರ ಪಕ್ಕದಲ್ಲಿ ನಿಂತಿದ್ದವರು ಬಹಳ ವಿನಯದಿಂದ ಕೇಳಿದರು.

"ಯಾವ್ ತಳಿ ಮೇಡಂ ನಿಮ್ದು? ಜೆರ್ಸಿನಾ, ಹಳ್ಳಿಕಾರಾ?"

ದಣಿದಿದ್ದೆ, ಯೋಚನೆ ಮಾಡಲಿಲ್ಲ. "ಮನುಷ್ಯರದು" ಎಂದುಬಿಟ್ಟೆ.

ಅವರು ಎರಡು ಹೆಜ್ಜೆ ಹಿಂದೆ ಸರಿದರು. ಇಡೀ ಸಾಲು ನನ್ನ ಕಡೆ ತಿರುಗಿತು. ಅರವಿಂದ ಓಮ್ನಿಯ ಸ್ಟೀರಿಂಗ್ ಮೇಲೆ ತಲೆಯಿಟ್ಟು ನಗುತ್ತಿದ್ದ. "ಮಂಡಿ ಅಣ್ಣ, ಮಂಡಿ! ಮಂಡಿ ಚಿಪ್ಪಿನೊಳಗಿಂದು!" ಎಂದು ನಾನು ಬಾಯಿ ಬಡಿದುಕೊಂಡೆ. ಅರ್ಥವಾದ ಮೇಲೆ ಅವರು ಸಮಾಧಾನದ ಉಸಿರು ಬಿಟ್ಟು, ತಮ್ಮ ಎಡ ಮಂಡಿ ಒತ್ತಿಕೊಂಡು, "ಯಾವಾಗ ಬರುತ್ತೆ ಮೇಡಂ ಮಾರ್ಕೆಟ್ಟಿಗೆ?" ಎಂದರು. ಆಮೇಲಿನ ವಾರಗಳಲ್ಲಿ ಸಾಲಿನಲ್ಲಿ ನನ್ನ ಹೆಸರು ಮಂಡಿ ಮೇಡಂ ಎಂದೇ ಆಯಿತು. ಆ ವರ್ಷ ನಾನು ಬಾಯಿ ತುಂಬ ನಕ್ಕಿದ್ದರೆ ಅದು ಆ ಸಾಲಿನಲ್ಲಿ ಮಾತ್ರ.

ಶ್ರಾವಣ ಮುಗಿಯುವ ಹೊತ್ತಿಗೆ ಒಬ್ಬ ಡಾಕ್ಟರು ನಮ್ಮನ್ನು ಹುಡುಕಿಕೊಂಡು ಬಂದರು. ನೋವು ನಿವಾರಣೆಯ ಕ್ಲಿನಿಕ್ ನಡೆಸುವವರು. ಹೆಸರು ಬೇಡ. ಮೃದು ಮಾತು, ಒಳ್ಳೆಯ ಶೂ. ನಮ್ಮ ಕೋಶಗಳನ್ನು ಅವರಿಗೆ ಕೊಟ್ಟರೆ ಸಾಕು, ಮಂಡಿಗೆ ಇಂಜೆಕ್ಷನ್ ಅವರು ಕೊಡುತ್ತಾರೆ, ತಿಂಗಳು ತಿಂಗಳು ನಮಗೆ ದುಡ್ಡು. ಒಪ್ಪಿಗೆ, ಪರೀಕ್ಷೆ ಎಂದು ನಾನು ಬಾಯಿ ತೆಗೆದಾಗ, "ಪೇಶೆಂಟ್ಸ್ ಸೈನ್ ಮಾಡ್ತಾರೆ ಮೇಡಂ. ಅವರವರ ಇಷ್ಟ" ಎಂದರು.

ಅವರು ಹೋದ ಮೇಲೆ ಅರವಿಂದ ಬಾಕಿ ಬರೆದಿಟ್ಟ ಪುಸ್ತಕ ತೆಗೆದು ನೋಡಿದ. ಆಮೇಲೆ, "ಒಂದಾರು ತಿಂಗಳು ಅಷ್ಟೇ ಕಣೇ. ಪ್ರಾಣಿ ಪರೀಕ್ಷೆಗೆ ಆಗೋವಷ್ಟು ಬಂದ್ಮೇಲೆ ನಿಲ್ಲಿಸ್ಬಿಡೋಣ" ಎಂದ.

"ಒಬ್ಬರ ಮಂಡಿ ಕೀತುಕೊಂಡ್ರೆ? ಗೆಡ್ಡೆ ಬೆಳೆದ್ರೆ?"

"ಆಗಲ್ಲ ಅನ್ಸುತ್ತೆ."

"ಅನ್ಸುತ್ತೆ! ಅನ್ನಿಸಿದ್ದನ್ನ ಇನ್ನೊಬ್ಬರ ಮಂಡಿಯೊಳಗೆ ಚುಚ್ಚೋಕಾಗುತ್ತೇನೋ?"

ಅವನು ಕೆಟ್ಟವನಲ್ಲ. ಮಗಳ ಶಾಲೆಯ ಫೀಸಿಗೆ ಹೆಂಡತಿಯ ಬಳೆ ಅಡವಿಟ್ಟಿದ್ದ. ಅವನಿಗೆ ಬೇಕಾಗಿದ್ದುದು ನಾನು ಬೇಡ ಎನ್ನುವುದೋ ಹೂಂ ಎನ್ನುವುದೋ, ನನಗೆ ತಿಳಿಯಲಿಲ್ಲ. ನಾನು ಬೇಡ ಎಂದೆ. ಅವನು ವಾದ ಮಾಡಲಿಲ್ಲ.

ಆದರೆ ಡಾಕ್ಟರು ಮೆಟ್ಟಿಲಿಳಿಯುವಾಗ ಕೆಳಗೆ ಗೌಡ್ರ ಹತ್ತಿರ ಎರಡು ಮಾತಾಡಿದ್ದರು. ಮಾರನೆಯ ದಿನ ಜಯಮ್ಮ ನನ್ನನ್ನು ಒಳಗೆ ಕರೆದು, ಕೂರಿಸಿ, ಕಾಫಿ ಕೊಟ್ಟರು. ಆಗಲೇ ಅವರ ಬಲ ಮಂಡಿಯೂ ಸವೆದಿತ್ತು. ರಾತ್ರಿ ನಿದ್ದೆಯಿಲ್ಲ, ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕು. ಎಡಗಡೆಯ ಆಪರೇಷನ್ನಿನ ನೋವು ನೆನೆದರೆ ಇನ್ನೊಂದು ಆಪರೇಷನ್ ಎಂಬ ಮಾತಿಗೇ ಅವರ ಕಣ್ಣಲ್ಲಿ ನೀರು ಬರುತ್ತಿತ್ತು.

"ನಂದು ಅಷ್ಟೊಂದು ಬೆಳ್ದಿದೆ ಅಂತೀಯಲ್ಲ. ಅದನ್ನ ಈ ಮಂಡಿಗೆ ಹಾಕ್ಸೇ."

"ಆಗಲ್ಲ ಆಂಟಿ. ಪರ್ಮಿಷನ್ ಇಲ್ಲ."

"ನಂದನ್ನ ನನಗೆ ಹಾಕೋಕೆ ಯಾರಪ್ಪನ ಪರ್ಮಿಷನ್ನು? ಆ ಡಾಕ್ಟ್ರು ಹಾಕ್ತೀನಿ ಅಂದ್ರಂತೆ. ನೀನು ಬಾಡಿಗೆ ಕೊಡ್ಬೇಡ. ಹಳೇದೂ ಬೇಡ, ಮುಂದಿಂದೂ ಬೇಡ. ನಮ್ಮ ಯಜಮಾನ್ರಿಗೆ ನಾನು ಹೇಳ್ತೀನಿ."

ಆ ಮಾತು ಕೇಳಿ ನನಗೆ ಅಳು ಬಂತು. ಬಾಡಿಗೆಯ ಆಸೆಗಲ್ಲ. ಜಯಮ್ಮ ಯಾರನ್ನೂ ಏನನ್ನೂ ಬೇಡಿದವರಲ್ಲ. ಕೋಶಗಳನ್ನು ಎಷ್ಟೋ ಸಲ ಬೆಳೆಸಿ ಭಾಗ ಮಾಡಿದ್ದೇವೆ, ಅವು ಈಗ ಮೊದಲಿನವಲ್ಲ, ಯಾವ ಮಂಡಿಯಲ್ಲೂ ಇನ್ನೂ ನೋಡಿಲ್ಲ, ನಿಮ್ಮ ಮಂಡಿಯೊಳಗೆ ಹೋಗಿ ಏನು ಮಾಡುತ್ತವೆ ಎಂದು ನನಗೆ ಗೊತ್ತಿಲ್ಲ ಎಂದು ತಿಳಿದ ಮಟ್ಟಿಗೆ ಹೇಳಿದೆ. ಅವರು ಕೇಳಿಸಿಕೊಂಡರು. ಕೊನೆಗೆ ಲೋಟ ತೆಗೆದುಕೊಂಡು ಎದ್ದರು.

"ಗೊತ್ತಿಲ್ದೆ ಮತ್ತೆ ಇಷ್ಟು ವರ್ಷ ಏನ್ ಮಾಡಿದ್ರಿ?" ಎಂದರು.

ಅವತ್ತಿನಿಂದ ಗೇಟಿನ ಸದ್ದಿಗೆ ಒಳಗಿಂದ ಕೂಗು ಬರುವುದು ನಿಂತಿತು. ದಿನಾ ಬೆಳಿಗ್ಗೆ ಸುಮ್ಮನೆ ಮೆಟ್ಟಿಲು ಹತ್ತುವುದು ಎಂಥ ಶಿಕ್ಷೆ ಎಂದು ಆಗ ಗೊತ್ತಾಯಿತು. ಆಯುಧಪೂಜೆ ಬಂತು. ಪ್ರತಿ ವರ್ಷ ಜಯಮ್ಮ ಮೊರದ ತುಂಬ ಕಡ್ಲೆಪುರಿ ಕಳಿಸುತ್ತಿದ್ದರು, ಆ ವರ್ಷ ಕಳಿಸಲಿಲ್ಲ. ಗೌಡ್ರೊಬ್ಬರೇ ಮೇಲೆ ಬಂದು ಕ್ಯಾನಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಒಂದು ಮೊಳ ಸೇವಂತಿಗೆ ಸುತ್ತಿದರು. "ಅವಳಿಗೆ ನೋವು ಕಣಮ್ಮ. ನಿನ್ ಮೇಲೆ ಕೋಪ ಅಲ್ಲ" ಎಂದು ಹೇಳಿ ಕೆಳಗಿಳಿದರು. ಕೋಪವೂ ಇತ್ತು. ಇರಬೇಕಾದದ್ದೇ.

ದೀಪಾವಳಿಗೆ ಮುಂಚೆ ಅರವಿಂದನಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತು. ಹೇಳಲು ಬಂದವನು ಅದನ್ನು ಬಿಟ್ಟು ಬೇರೆಲ್ಲ ಮಾತಾಡಿದ. ನಾನೇ, "ಹೋಗೋ ಮಾರಾಯ, ನಿನ್ನ ಮುಖದಲ್ಲೇ ಆಫರ್ ಲೆಟರ್ ಕಾಣ್ತಾ ಇದೆ" ಎಂದೆ. ಅವನು ಅತ್ತ, ನಾನು ಅಳಲಿಲ್ಲ. ಆಮೇಲಿನ ಗುರುವಾರಗಳಲ್ಲಿ ಓಮ್ನಿ ಓಡಿಸಲು ಗೌಡ್ರೇ ಬಂದರು. ದಾರಿಯುದ್ದಕ್ಕೂ ಎಲ್ಲಿ ಯಾರ ರಾಗಿ ಹೊಲ ಇತ್ತು, ಎಲ್ಲಿ ತಮ್ಮ ಎತ್ತು ಹೂತುಕೊಂಡಿತ್ತು ಎಂದು ಅಪಾರ್ಟ್‌ಮೆಂಟುಗಳನ್ನು ತೋರಿಸಿ ಹೇಳುತ್ತಿದ್ದರು. ಮನೆಯ ಮಾತು ಅವರೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಕೊನೆಗೆ ಒಂದು ದೊಡ್ಡ ಔಷಧ ಕಂಪನಿಯವರು ಬಂದರು. ಅವರಿಗೆ ನಮ್ಮ ಕಂಪನಿ ಬೇಕಿರಲಿಲ್ಲ. ಕಸುಬು ಮರೆಯದ ಹಾಗೆ ಬೆಳೆಸುವ ನಮ್ಮ ವಿಧಾನದ ಹಕ್ಕು ಮಾತ್ರ ಬೇಕಿತ್ತು. ಈಗಲೇ ಬಳಸುತ್ತೀರಾ ಎಂದು ಕೇಳಿದೆ. "ಸದ್ಯಕ್ಕೆ ಇಟ್ಕೊಂಡಿರ್ತೀವಿ" ಎಂದರು. ಅವರು ಕೊಟ್ಟದ್ದರಲ್ಲಿ ಎಲ್ಲರ ಬಾಕಿ ತೀರಿತು. ಬಾಡಿಗೆ, ಪೀಣ್ಯದವರು, ಅರವಿಂದನ ಮಾವ, ಮಂಜುಳಾಗೆ ಮೂರು ತಿಂಗಳ ಹೆಚ್ಚಿನ ಸಂಬಳ. ನನಗೆ ಉಳಿದದ್ದು ಒಂದು ದೊಡ್ಡ ನಿದ್ದೆ. ಅದೂ ಬರಲಿಲ್ಲ.

ಅವರದೊಂದು ಷರತ್ತಿತ್ತು. ನಮ್ಮ ಹತ್ತಿರ ಇರುವ ಕೋಶಗಳನ್ನೆಲ್ಲ ನಾಶ ಮಾಡಬೇಕು, ಮಾಡಿದ್ದೇವೆಂದು ಬರೆದು ಕೊಡಬೇಕು. ಇವನ್ನು ನೀವೇ ಇಟ್ಟುಕೊಳ್ಳಿ, ಇಂಥ ಕೋಶ ಮತ್ತೆ ಸಿಗುವುದಿಲ್ಲ ಎಂದು ಗೋಗರೆದೆ. ತಮ್ಮ ಹತ್ತಿರ ಬೇಕಾದಷ್ಟಿವೆ ಎಂದರು.

ಆ ವಾರ ಕ್ಯಾನಿನಿಂದ ಒಂದು ಸೀಸೆ ಹೊರಗೆ ತೆಗೆದೆ. ಕರಗಿಸಿ, ಕೊನೆಯ ಬಾಟಲಿಯಲ್ಲಿ ಉಳಿದಿದ್ದ ಕೆಂಪು ದ್ರಾವಣ ಹಾಕಿ, ಬೆಳೆಯಲು ಬಿಟ್ಟೆ. ಕೆಲಸಕ್ಕೆ ಬೇಕಾಗಿರಲಿಲ್ಲ. ಆಮೇಲೆ ಕೆಳಗೆ ಹೋಗಿ ಜಯಮ್ಮನ ಬಾಗಿಲ ಹೊರಗೇ ನಿಂತು, "ಆಂಟಿ, ಶನಿವಾರ ಎಲ್ಲಾ ಮುಗಿಸ್ತಾ ಇದೀನಿ. ನಿಮ್ಮ ಮಂಡೀನೂ. ನಿಮಗೆ ಹೇಳ್ದೆ ಮಾಡೋಕೆ ಮನಸ್ಸು ಬರ್ಲಿಲ್ಲ" ಎಂದೆ. ಒಳಗೆ ಟಿ.ವಿ. ಓಡುತ್ತಿತ್ತು.

ಶನಿವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಸದ್ದು ಕೇಳಿತು. ಒಂದು ಹೆಜ್ಜೆ, ಸ್ವಲ್ಪ ಹೊತ್ತು, ಮತ್ತೊಂದು ಹೆಜ್ಜೆ. ಹೊರಗೆ ಓಡಿ ನೋಡಿದರೆ ಜಯಮ್ಮ ಎರಡೂ ಕೈಯಲ್ಲಿ ಕಂಬಿ ಹಿಡಿದು ಹತ್ತುತ್ತಿದ್ದರು. ಹಿಡಿಯಲು ಹೋದರೆ, "ಬಿಡು, ಬರ್ತೀನಿ" ಎಂದರು. ಬಂದು ಕುರ್ಚಿಯಲ್ಲಿ ಕುಸಿದು, ಸೆರಗಿನಿಂದ ಮುಖ ಒರೆಸಿಕೊಂಡು, ಅಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದಿದ್ದ ಮಾತು ಕೇಳಿದರು.

"ತೋರ್ಸು, ನೋಡ್ತೀನಿ."

ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಅವರ ಕನ್ನಡಕ ತೆಗೆಸಿ, ಹೊಂದಿಸಿ ಕೊಟ್ಟೆ. ಬಹಳ ಹೊತ್ತು ನೋಡಿದರು.

"ಇವೇನಾ? ರಾಗಿ ಕಾಳು ಚೆಲ್ಲಿದಂಗಿದೆ."

"ಇವೇ ಆಂಟಿ."

"ಎಲ್ಲಾ ಬದುಕಿದಾವಾ?"

"ಬದುಕಿದಾವೆ. ಇನ್ನೂ ಬೆಳೀತಾ ಇದಾವೆ."

"ನಾನು ಮೆಟ್ಲು ಹತ್ತೋಕಾಗ್ದೆ ಸಾಯ್ತಿದೀನಿ, ಇಲ್ಲಿ ನನ್ ಮಂಡಿ ಆರಾಮಾಗಿ ಬೆಳೀತಿದೆ ನೋಡು" ಎಂದು ನಕ್ಕರು. ಎಷ್ಟೋ ತಿಂಗಳ ಮೇಲೆ ನನ್ನ ಮುಂದೆ ನಕ್ಕದ್ದು ಅದೇ ಮೊದಲು. ಹೇಗೆ ನಾಶ ಮಾಡುತ್ತೀಯ ಎಂದರು. ಬ್ಲೀಚಿಂಗ್ ದ್ರಾವಣ ಹಾಕಿ ಎಂದೆ. "ಬಚ್ಚಲಿಗೆ ಹಾಕ್ತೀವಲ್ಲ, ಅದೇನಾ?" ಎಂದರು. ಹೆಚ್ಚುಕಮ್ಮಿ ಅದೇ ಎಂದೆ.

"ನೋವಾಗುತ್ತಾ ಅವಕ್ಕೆ?"

"ಇಲ್ಲ ಆಂಟಿ. ಅವಕ್ಕೆ ನೋವು ಗೊತ್ತಾಗಲ್ಲ."

"ಪುಣ್ಯ ಮಾಡಿದಾವೆ ಬಿಡು" ಎಂದರು ಜಯಮ್ಮ. ಮಂಡಿ ಒತ್ತಿಕೊಳ್ಳುತ್ತ, ನಾನು ಕೆಲಸ ಮುಗಿಸುವವರೆಗೂ ಅಲ್ಲೇ ಕೂತಿದ್ದರು.

ಆಟೊದವರಿಗೆ ದುಡ್ಡು ಕೊಟ್ಟು ಇಳಿದೆ. ನಮ್ಮ ಮಹಡಿ ಈಗ ಹುಡುಗಿಯರ ಪಿ.ಜಿ. ಕಂಬಿಯ ಮೇಲೆ ಬಣ್ಣ ಬಣ್ಣದ ಟವೆಲುಗಳು ಒಣಗುತ್ತಿದ್ದವು. ಗೇಟು ತೆಗೆದರೆ ಅದೇ ಸದ್ದು. ಒಳಗಿಂದ, "ಶೈಲಾನಾ? ಬಾರೇ" ಎಂದು ಕೂಗು ಬಂತು.

ಜಯಮ್ಮ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ತುಂಬ ಇಳಿದುಹೋಗಿದ್ದಾರೆ. ಆಸ್ಪತ್ರೆಗೆಂದು ಗೌಡ್ರು ಬ್ಯಾಗಿಗೆ ನೈಟಿ, ಫ್ಲಾಸ್ಕು, ಬೆಡ್‌ಶೀಟು ತುಂಬುತ್ತಿದ್ದರು. ಕಾಫಿ ಆಯಿತು. ಗೌಡ್ರು ಓಮ್ನಿಯ ಟೈರಿಗೆ ಗಾಳಿ ಹಾಕಿಸಿ ಬರುತ್ತೇನೆಂದು ಹೊರಗೆ ಹೋದರು. ಅವರು ಹೋಗುವುದನ್ನೇ ಕಾಯುತ್ತಿದ್ದವರ ಹಾಗೆ ಜಯಮ್ಮ ನನ್ನ ಕೈ ಹಿಡಿದುಕೊಂಡರು.

"ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಅವತ್ತು ಹಾಕಿದ್ರೆ ಇವತ್ತು ಈ ಆಪರೇಷನ್ ತಪ್ತಿತ್ತೇನೇ?"

ಈ ಪ್ರಶ್ನೆ ಒಂದು ದಿನ ಬರುತ್ತದೆ ಎಂದು ನನಗೆ ಗೊತ್ತಿತ್ತು. ರಾತ್ರಿ ಮಲಗಿದಾಗ ಎಷ್ಟೋ ಸಲ ಉತ್ತರ ಕಟ್ಟಿಕೊಂಡಿದ್ದೆ. ತಪ್ಪುತ್ತಿರಲಿಲ್ಲ ಎಂದರೆ ಅವರಿಗೆ ಸಮಾಧಾನ, ನನಗೂ ಸಮಾಧಾನ. ಆದರೆ ಬಾಯಿಗೆ ಬಂದದ್ದು ಅದಲ್ಲ.

"ಗೊತ್ತಿಲ್ಲ ಆಂಟಿ. ತಪ್ತಿತ್ತೋ, ಇನ್ನೂ ಕೆಡ್ತಿತ್ತೋ. ಅದನ್ನ ಗೊತ್ತು ಮಾಡ್ಕೊಳ್ಳೋಕೇ ಅಷ್ಟು ದುಡ್ಡು ಬೇಕಾಗಿದ್ದಿದ್ದು. ಸಿಗ್ಲಿಲ್ಲ."

ಜಯಮ್ಮ ತಲೆಯಾಡಿಸಿದರು. ಕೈ ಬಿಡಲಿಲ್ಲ. ಹೊರಗೆ ಓಮ್ನಿ ವಾಪಸ್ ಬಂದು ನಿಂತ ಸದ್ದಾಯಿತು, ಗೌಡ್ರು ಹಾರ್ನ್ ಹೊಡೆದರು. ನಾನು ಅವರನ್ನು ಎಬ್ಬಿಸಿ, ಭುಜ ಕೊಟ್ಟು, ನಿಧಾನವಾಗಿ ಹೊಸಿಲು ದಾಟಿಸಿದೆ. ಜಗಲಿಯಲ್ಲಿ ನಿಂತು ಉಸಿರು ತೆಗೆದುಕೊಂಡರು.

"ನಾಳೆ ತೆಗೆದಿದ್ದನ್ನ ಏನ್ ಮಾಡ್ತಾರೆ?"

"ಬಿಸಾಕ್ತಾರೆ ಆಂಟಿ."

ಅವರು ಒಮ್ಮೆ ಮೇಲೆ ಟವೆಲುಗಳ ಕಡೆ ನೋಡಿದರು.

"ಹೋದ್ಸಲ ಬಿಸಾಕಿರ್ಲಿಲ್ಲ ಅಲ್ವಾ?"

"ಇಲ್ಲ ಆಂಟಿ" ಎಂದೆ. "ಹೋದ್ಸಲ ಬಿಸಾಕಿರ್ಲಿಲ್ಲ."